ಮೂರನೇ ಸಾಲಿನಿಂದ ಬಂದ ಮಾತು

ಮನೆ, ಅಪ್ಪನ ಮಂಚದ ಪಕ್ಕದ ಮೇಜು
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

‘ಪ್ರೀತಿಯ’ ಎಂಬುದು ಕೈಯ ಅಭ್ಯಾಸದಿಂದ ಬಂದದ್ದು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆಂದು ಬಿಟ್ಟಿದ್ದೇನೆ, ಅದಕ್ಕೆ ಹೆಚ್ಚು ಅರ್ಥ ಹಚ್ಚಬೇಡ. ನಿನ್ನ ಬೆನ್ನು ಹೇಗಿದೆ? ನಮ್ಮ ರಂಗಮಂದಿರದ ಕುರ್ಚಿಯಲ್ಲಿ ಕೂತಿದ್ದಕ್ಕೆ ಹಿಡಿದುಕೊಂಡಿತೆಂದು ಬರೆದಿದ್ದೀಯ. ಅತ್ತಿಗೆ, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ಅಪ್ಪನಿಗೆ ಊಟ ಸೇರುತ್ತಿದೆ, ಲಕ್ವ ಹೊಡೆದ ಬಲಗೈ ಇನ್ನೂ ಮಡಿಲಲ್ಲೇ ಬಿದ್ದಿರುತ್ತದೆ, ಗಡ್ಡ ತೆಗೆಯಲು ಹೋದರೆ ಮುಖ ತಿರುಗಿಸಿ ಹಟ ಮಾಡುತ್ತಾರೆ. ಇದನ್ನು ನೀನು ಕೇಳಿರಲಿಲ್ಲ. ನಾಲ್ಕು ಪುಟದ ನಿನ್ನ ಪತ್ರದಲ್ಲಿ ‘ಅಪ್ಪ ಹೇಗಿದ್ದಾರೆ’ ಎಂಬ ಒಂದು ಸಾಲಿಗಾಗಿ ಹಿಂದೆ ಮುಂದೆ ತಿರುವಿ ನೋಡಿದೆ, ಸಿಗಲಿಲ್ಲ.

ನಿನ್ನ ಲಕೋಟೆಯಲ್ಲಿ ಪತ್ರದ ಜೊತೆಗೆ ಇನ್ನೊಂದು ಕಾಗದವಿತ್ತು. ಪತ್ರದಲ್ಲಿದ್ದದ್ದು, ಎಲ್ಲರೂ ನಾಟಕಕ್ಕೆ ಹೋದ ದಿನ ನಾನು ನಿನ್ನ ಮಾನ ಕಳೆದೆನೆಂಬ ದೂರು, ಅತ್ತಿಗೆಯ ಅಮ್ಮನಿಗೆ ಕ್ಷಮೆ ಕೇಳಿ ಬರೆಯಬೇಕೆಂಬ ಅಪ್ಪಣೆ. ಇನ್ನೊಂದು, ಅಪ್ಪನನ್ನು ಸೇರಿಸಲು ಆರೈಕೆ ಕೇಂದ್ರದವರ ಅರ್ಜಿ. ಇಬ್ಬರು ಮಕ್ಕಳ ಸಹಿಯೂ ಬೇಕಂತೆ, ಇಪ್ಪತ್ತರೊಳಗೆ ತಲುಪಬೇಕಂತೆ. ನೀನು ಆಗಲೇ ಸಹಿ ಮಾಡಿ, ನಾನು ಎಲ್ಲಿ ಮಾಡಬೇಕೆಂದು ಪೆನ್ಸಿಲಿನಿಂದ ಗುರುತೂ ಹಾಕಿದ್ದೀಯ, ನನಗೆ ಜಾಗ ಕಾಣಿಸಲಿಕ್ಕಿಲ್ಲವೆಂದು. ಒಂದನೇ ತಾರೀಕಿಗೆ ಅಪ್ಪ ಈ ಮಂಚದಿಂದ ಎದ್ದು ಅಲ್ಲಿಯ ಮಂಚಕ್ಕೆ. ಆರನೇ ಪ್ರಶ್ನೆ ‘ಮಾತನಾಡುತ್ತಾರೆಯೇ?’ ಎಂದಿದೆ. ಅದರ ಮುಂದೆ ದುಂಡಗೆ ‘ಇಲ್ಲ’ ಎಂದು ಬರೆದಿದ್ದೀಯ. ನಿನ್ನ ಅಕ್ಷರ ಮೊದಲಿನಿಂದಲೂ ಚೆಂದ.

ದೂರಿನ ವಿಚಾರ ಮೊದಲು ಮುಗಿಸಿಬಿಡುತ್ತೇನೆ. ನಾಟಕಕ್ಕೆ ಹೋಗೋಣವೆಂದು ಎತ್ತಿದವನು ನೀನು. “ಅಪ್ಪನ್ನ ಸೇರ್ಸೋ ಮುಂಚೆ ಒಂದ್ಸಲ ಎಲ್ರೂ ಒಟ್ಟಿಗೆ ಹೋಗ್ಬರೋಣ, ನೀನು ಅಲ್ಲೇ ಕೆಲ್ಸ ಮಾಡ್ತೀಯಲ್ಲ, ಒಳ್ಳೇದೊಂದು ನೋಡಿ ಸೀಟ್ ಹಿಡಿ” ಎಂದೆ. ಮರುದಿನದಿಂದ ಫೋನಿನ ಮೇಲೆ ಫೋನು. ನಗಿಸುವಂಥದ್ದಾಗಬೇಕು, ಎರಡು ಗಂಟೆ ದಾಟಬಾರದು. ಅತ್ತಿಗೆಗೆ ಹಾಡು ಆಗದು, ಅವರಮ್ಮನಿಗೆ ಕಥೆಯಲ್ಲಿ ಯಾರೂ ಸಾಯಬಾರದು, ದೊಡ್ಡವನಿಗೆ ಹಳೇ ಕಾಲದ್ದು ಬೇಡ, ಚಿಕ್ಕವಳಿಗೆ ಕತ್ತಲೆಂದರೆ ಭಯ. ಹೋಗುವವರು ಏಳು ಜನ. ಅಪ್ಪನಿಗೆ ಏನು ಇಷ್ಟವೆಂದು ನೀನು ಒಂದು ಸಲವೂ ಕೇಳಲಿಲ್ಲ. ಹುಡುಗಿ ನೋಡಲು ಹೋದವರು ಕೂಡ ಇಷ್ಟೊಂದು ಷರತ್ತು ಹಾಕುವುದಿಲ್ಲ. ಆ ವಾರ ನಮ್ಮಲ್ಲಿ ಮೂರು ಪ್ರದರ್ಶನಗಳಿದ್ದವು. ಸೂಟ್‌ಕೇಸು ಅದಲುಬದಲಾಗುವ ನಗೆನಾಟಕ, ಮಕ್ಕಳ ಜಾದೂ, ಮತ್ತೆ ಹನ್ನೊಂದು ವರ್ಷದ ಮೇಲೆ ಧೂಳು ಕೊಡವಿ ಎತ್ತಿಕೊಂಡ ದೋಣಿಯವನ ನಾಟಕ. ಅದರಲ್ಲಿ ಹಾಡಿದೆ, ಕತ್ತಲಿದೆ, ಕೊನೆಗೆ ದೋಣಿಯವನು ಸಾಯುತ್ತಾನೆ, ಎರಡೂಮುಕ್ಕಾಲು ಗಂಟೆ ನಡೆಯುತ್ತದೆ. ನಾನು ಅದನ್ನೇ ಆರಿಸಿದೆ. ನಿನಗೆ ‘ಒಳ್ಳೇ ತಮಾಷೆಯಾಗಿದೆ’ ಎಂದು ಸುಳ್ಳು ಹೇಳಿದೆ. ಅಷ್ಟು ಮಾತ್ರ ನನ್ನ ತಪ್ಪು.

ಹಟಕ್ಕೆ ಆರಿಸಿದೆ ಎಂದು ಬರೆದಿದ್ದೀಯ. ಸ್ವಲ್ಪ ಹಟ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಪ್ಪನಿಗೆ ಮಾತಿನ ಅಭ್ಯಾಸ ಮಾಡಿಸುವ ಡಾಕ್ಟರಮ್ಮ ನನಗೆ ಹೇಳಿದ್ದು ಬೇರೆ. “ಅವ್ರಿಗೆ ರೂಢಿ ಇದ್ದ ಜಾಗಕ್ಕೆ ಕರ್ಕೊಂಡು ಹೋಗಿ, ರೂಢಿ ಇದ್ದ ಮಾತು ಕಿವಿಗೆ ಬೀಳ್ಲಿ” ಎಂದಿದ್ದರು. ನಿನ್ನ ಅತ್ತೆಮನೆಯವರ ಮುಂದೆ ಅಪ್ಪನನ್ನು ‘ರಂಗಮಂದಿರದ ವ್ಯವಸ್ಥಾಪಕರು’ ಎಂದು ಪರಿಚಯಿಸಿದೆಯಲ್ಲ, ಅದನ್ನು ಕೇಳಿ ನಾನು ಕೆಮ್ಮಿದ್ದು ನೆಗಡಿಗಲ್ಲ. ಅವರು ಮೂವತ್ತೊಂದು ವರ್ಷ ಅಲ್ಲಿ ಅಂಕದ ಪರದೆ ಎಳೆದವರು. ದೋಣಿಯವನ ನಾಟಕವೆಂದರೆ ಅವರಿಗೆ ಬಲು ಹೆಮ್ಮೆ. ಎರಡನೇ ಅಂಕದ ಕೊನೆಗೆ ಹುಡುಗಿ “ಎಲ್ಲರೂ ಬಂದಾಯಿತೇ?” ಎಂದು ಕೇಳುತ್ತಾಳೆ. ದೋಣಿಯವನು “ದೀಪ ಆರಿಸಬೇಡಿ, ಇನ್ನೊಬ್ಬರು ಬರುವುದಿದೆ” ಎನ್ನುತ್ತಾನೆ. ಆ ಮಾತು ಬಿದ್ದ ಮೇಲೆಯೇ ಹಗ್ಗ ಎಳೆಯಬೇಕು. ಒಂದು ಉಸಿರು ಮುಂಚೆ ಎಳೆದರೆ ಮಾತು ಸಾಯುತ್ತದೆ, ಒಂದು ಉಸಿರು ತಡವಾದರೆ ಚಪ್ಪಾಳೆ ಸಾಯುತ್ತದೆ ಎನ್ನುತ್ತಿದ್ದರು. ನಾವಿಬ್ಬರೂ ಹಗ್ಗದ ಪಕ್ಕ ಮಗುಚಿದ ಪೆಟ್ಟಿಗೆಯ ಮೇಲೆ ಕೂತು ಎಷ್ಟು ಸಲ ನೋಡಿಲ್ಲ. ನೀನು ಅಲ್ಲೇ ತೂಕಡಿಸುತ್ತಿದ್ದೆ, ನಾನು ಪುಸ್ತಕವಿಲ್ಲದೆ ಇಡೀ ನಾಟಕ ಕಲಿತೆ. ಆಮೇಲೆ ಅದೇ ನನಗೆ ಅನ್ನವಾಯಿತು. ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ನಟರು ಮಾತು ಮರೆತಾಗ ಎತ್ತಿಕೊಡುವ ಪ್ರಾಂಪ್ಟರ್ ಕೆಲಸಕ್ಕೆ ನಿಮ್ಮಲ್ಲಿ ಮರ್ಯಾದೆ ಇಲ್ಲವೆಂಬುದು ಗೊತ್ತಿದೆ.

ಆ ಸಂಜೆ ನಾನು ರಜೆ ಹಾಕಿದ್ದೆ, ನನ್ನ ಜಾಗದಲ್ಲಿ ಹೊಸ ಹುಡುಗಿ ಕೂತಿದ್ದಳು. ಮೂರನೇ ಸಾಲಿನ ಬಲತುದಿಯಲ್ಲಿ ಅಪ್ಪನ ಗಾಲಿಕುರ್ಚಿ, ಅವರ ಎಡಕ್ಕೆ ನಾನು, ಆಮೇಲೆ ಅತ್ತಿಗೆಯ ಅಮ್ಮ, ಅತ್ತಿಗೆ, ಮಕ್ಕಳು. ಫೋನ್ ಬಂದರೆ ಎದ್ದುಹೋಗಲು ಅನುಕೂಲವೆಂದು ನೀನು ಆ ತುದಿಗೆ. ಹುಡುಗಿ “ಎಲ್ಲರೂ ಬಂದಾಯಿತೇ?” ಎಂದಳು. ದೋಣಿಯವನ ಪಾತ್ರದ ಹಿರಿಯರು ಬಾಯಿ ತೆರೆದರು, ಮಾತು ಬರಲಿಲ್ಲ. ಹೊಸ ಹುಡುಗಿ ಗಾಬರಿಯಲ್ಲಿ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟಿದ್ದಳಂತೆ. ಈಗ ಪರದೆಗೆ ಹಗ್ಗವಿಲ್ಲ, ಮೋಟಾರು. ಆದರೆ ಗುಂಡಿ ಒತ್ತುವವನೂ ಆ ಮಾತಿಗೇ ಕಾಯಬೇಕು. ಆಗ ನಮ್ಮ ಸಾಲಿನಿಂದ, ಒಡಕು ದನಿಯಲ್ಲಿ, ಆ ಮಾತು ಬಂತು. ಜನರೆಲ್ಲ ತಿರುಗಿ ನೋಡಿದರು, ಪರದೆ ಬಿತ್ತು, ನಗು, ಚಪ್ಪಾಳೆ, ಸಿಳ್ಳೆ. ನೀನು ಫೋನಿನಿಂದ ತಲೆಯೆತ್ತಿ ನಾಲ್ಕು ಜನರ ಮಡಿಲ ಮೇಲೆ ಬಾಗಿ “ಥೂ, ನಾಚ್ಕೆ ಆಗಲ್ವಾ ನಿಂಗೆ, ಗೊಗ್ಗರು ಕಪ್ಪೆ” ಎಂದೆ. ಚಿಕ್ಕಂದಿನಲ್ಲಿ ನೀನು ನನ್ನ ಗಂಟಲಿಗೆ ಇಟ್ಟ ಹೆಸರು. ಐವತ್ತು ದಾಟಿದ ಹೆಂಗಸನ್ನು ಬೀಗರ ಮುಂದೆ ಹಾಗೆ ಕರೆದವನು ಮಾನದ ಮಾತು ಆಡುತ್ತೀಯ. ನನ್ನ ಶಾಲು ಅರ್ಧ ನೆಲದ ಮೇಲೆ ಬಿದ್ದಿತ್ತು, ಅತ್ತಿಗೆಯ ಅಮ್ಮ ಅದನ್ನು ನೆಲ ಒರೆಸುವ ಬಟ್ಟೆಯ ಹಾಗೆ ಕಾಲಿನಿಂದ ಸರಿಸಿದರು. ಮೂರನೇ ಅಂಕ ಶುರುವಾಗುವ ಮೊದಲೇ ನಿಮ್ಮವರನ್ನೆಲ್ಲ ಎಬ್ಬಿಸಿಕೊಂಡು ಹೊರಟುಹೋದೆ. ಅಪ್ಪನಿಗೆ ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ.

ಮರುದಿನ ಮ್ಯಾನೇಜರೂ ಬಿಡಲಿಲ್ಲ. ಪ್ರಾಂಪ್ಟರೇ ಪ್ರೇಕ್ಷಕರ ನಡುವೆ ಕೂತು ಕೂಗಿದರೆ ಹೇಗೆಂದು ರೇಗಿ, ಎರಡು ವಾರ ಮುಖ ತೋರಿಸಬೇಡ ಎಂದರು. ನಾನು ಸುಮ್ಮನೆ ಕೇಳಿಸಿಕೊಂಡು ಬಂದೆ. ನಿನ್ನ ಹತ್ತಿರವೂ ಅಂದು ತುಟಿ ಬಿಚ್ಚಲಿಲ್ಲ. ಅದನ್ನು ನೀನು ತಪ್ಪೊಪ್ಪಿಗೆ ಎಂದುಕೊಂಡೆ.

ಅಪ್ಪನನ್ನು ನೋಡಿಕೊಳ್ಳುವುದು ನನ್ನೊಬ್ಬಳ ಕೈಲಾಗದು ಎಂದು ಬರೆದದ್ದು ಮಾತ್ರ ಪೂರ್ತಿ ಸುಳ್ಳಲ್ಲ. ನನ್ನ ಸೊಂಟ ಬಿದ್ದುಹೋಗಿದೆ. ಎರಡು ಸಲ ಅವರನ್ನು ಎತ್ತಲಾರದೆ ಇಬ್ಬರೂ ನೆಲದ ಮೇಲೆ ಕೂತುಬಿಟ್ಟಿದ್ದೇವೆ, ಕೆಳಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬರುವ ತನಕ. ನೀನು ಕೈ ಕೊಡುತ್ತೇನೆ ಎಂದಿದ್ದರೆ ನಾನು ಅತ್ತೇಬಿಡುತ್ತಿದ್ದೆ. ನೀನು ಕೊಟ್ಟದ್ದು ಅರ್ಜಿ. ಕ್ಷಮೆಯನ್ನಂತೂ ನಾನು ಕೇಳುವುದಿಲ್ಲ, ನಿನ್ನ ಅತ್ತೆ ಈ ಜನ್ಮವೆಲ್ಲ ಕಾಯಲಿ.

ಅತ್ತಿಗೆಗೆ ನಮಸ್ಕಾರ. ಕತ್ತಲಿಗೆ ಹೆದರದೆ ಕಣ್ಣರಳಿಸಿ ನಾಟಕ ನೋಡುತ್ತಿದ್ದ ಚಿಕ್ಕವಳಿಗೆ ನನ್ನ ಮುತ್ತು, ದೊಡ್ಡವನಿಗೆ ಆಶೀರ್ವಾದ. ನಿನಗೆ ಹಾರೈಸಲು ಸದ್ಯಕ್ಕೆ ಏನೂ ತೋಚುತ್ತಿಲ್ಲ, ಬೆನ್ನಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ತಂಗಿ,
ಗೊಗ್ಗರು ಕಪ್ಪೆ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಂದು ಕೂಗಿದ್ದು ನಾನಲ್ಲ, ಅಪ್ಪ. ಎಡಗೈಯಿಂದ ನನ್ನ ಶಾಲು ಹಿಡಿದು, ಹಗ್ಗ ಎಳೆದ ಹಾಗೆ ಎಳೆಯುತ್ತಾ ಅಂದರು. ಹದಿನಾಲ್ಕು ತಿಂಗಳ ಮೇಲೆ ಬಂದ ಮಾತು, ಅದಕ್ಕೇ ಆ ಒಡಕು. ನಿನಗೆ ಅಪ್ಪನ ದನಿ ಗುರುತು ಸಿಗಲಿಲ್ಲ. ಹೇಳಿದರೆ “ನೋಡು, ಸಭೇಲಿ ಅರಚೋಕೆ ಶುರುಮಾಡಿದ್ದಾರೆ” ಎಂದು ನೀನು ಅದನ್ನೂ ಅರ್ಜಿಯಲ್ಲಿ ಬರೆಯುತ್ತೀಯೆಂದು ಹೆದರಿದೆ. ಆಮೇಲೆ ಹತ್ತು ದಿನ ಅವರು ಒಂದು ಸೊಲ್ಲೂ ಎತ್ತಲಿಲ್ಲ, ನನಗೇ ಭ್ರಮೆಯೇನೋ ಎಂದುಕೊಂಡೆ. ಇವತ್ತು ಬೆಳಿಗ್ಗೆ ಕಿಟಕಿಯ ಪರದೆ ಸರಿಸುವಾಗ ಸುಮ್ಮನೆ “ಎಲ್ಲರೂ ಬಂದಾಯಿತೇ?” ಎಂದೆ. ಮಂಚದಿಂದ ಉತ್ತರ ಬಂತು. ಪೂರ್ತಿ ಬಂತು, ಒಂದಕ್ಷರ ಬಿಡದೆ. ಆರನೇ ಪ್ರಶ್ನೆಯ ಮುಂದಿನ ನಿನ್ನ ‘ಇಲ್ಲ’ವನ್ನು ಹೊಡೆದುಹಾಕಿದ್ದೇನೆ, ಸಹಿ ಮಾಡಿಲ್ಲ. ಮ್ಯಾನೇಜರಿಗೂ ನಿಜ ಹೇಳಿದೆ. ಅವರು ಶನಿವಾರದ ದೋಣಿಯವನ ಆಟಕ್ಕೆ ಮೂರು ಸೀಟು ಇಟ್ಟಿದ್ದಾರೆ. ಒಬ್ಬನೇ ಬಾ. ಈ ಸಲ ಅಪ್ಪನ ಎಡಕ್ಕೆ ನೀನು ಕೂರಬೇಕು. ಶಾಲು ಹೊದ್ದು ಬಾ, ಅವರಿಗೆ ಎಳೆಯಲು ಏನಾದರೂ ಬೇಕು.