ಹಸಿರು ಮುಚ್ಚಳದ ಡಬ್ಬಿ

ಫೆಬ್ರವರಿ 4, ಬೆಳಗ್ಗೆ 7

ಮೇಷ್ಟ್ರನ್ನು ತೂಗಿದ್ದಾಯಿತು. 812 ಗ್ರಾಂ. ಹೋದ ವಾರವೂ 812. ಅದರ ಹಿಂದಿನ ವಾರ 810. ನಾಚಿಕೆಗೇಡು.

ಕೋಳಿ ಫಾರಂನಲ್ಲಿ ಇಪ್ಪತ್ತೆರಡು ವರ್ಷ ಫೀಡ್ ನೋಡಿಕೊಂಡವನು ನಾನು. ನಲವತ್ತು ದಿನಕ್ಕೆ ಎರಡು ಕೆಜಿ ಕೋಳಿ ಬೆಳೆಸಿದ ಕೈ ಇದು. ಈ ಕೈಯಲ್ಲಿ ತಿನ್ನುವ ಆಮೆ ವಾರಕ್ಕೆ ಸೊನ್ನೆ ಗ್ರಾಂ ಏರಿದರೆ ತಪ್ಪು ಕೈಯದ್ದಲ್ಲ. ಡಬ್ಬಿಯದ್ದು.

ಮೇಷ್ಟ್ರು ಎಂದು ಹೆಸರಿಟ್ಟವಳು ಅಕ್ಕನ ಮಗಳು ಸಣ್ಣಿ. ಸರಿಯಾಗಿಯೇ ಇಟ್ಟಿದ್ದಾಳೆ. ಕತ್ತು ಚಾಚಿ ಒಂದು ನೋಟ ಬಿಟ್ಟರೆ ನನಗೆ ಏಳನೇ ಕ್ಲಾಸಿನ ಕೊನೆ ಬೆಂಚು ನೆನಪಾಗುತ್ತದೆ. ಬೆಂಕಿಪೊಟ್ಟಣದಷ್ಟಿದ್ದಾಗ ಭಾವ ಜೇಬಲ್ಲಿಟ್ಟುಕೊಂಡು ತಂದದ್ದು. ಭಾವ ಹೋದ ಮೇಲೆ ಸಣ್ಣಿ ಇದನ್ನು ಯಾರ ಕೈಗೂ ಕೊಟ್ಟವಳಲ್ಲ. ಈಗ ನರ್ಸಿಂಗ್ ಟ್ರೈನಿಂಗ್, ಐದು ತಿಂಗಳು, ದೂರದ ಊರು. ಹೊರಡುವಾಗ ನನ್ನ ಕೈಗೇ ಕೊಟ್ಟಳು. "ಮಾವ, ನಿನ್ನ ಬಿಟ್ರೆ ಇನ್ಯಾರನ್ನೂ ನಂಬಲ್ಲ." ಅಕ್ಕನ ಎದುರಿಗೇ ಹೇಳಿದಳು. ಅಕ್ಕನ ಮುಖ ನೋಡಬೇಕಿತ್ತು!

ಹಸಿರು ಮುಚ್ಚಳದ ಡಬ್ಬಿ ಮುಗಿಯುತ್ತ ಬಂದಿದೆ. ಮೂಸಿದೆ. ಬರೀ ಒಣಹುಲ್ಲಿನ ವಾಸನೆ... ಇದೂ ಒಂದು ಫೀಡಾ?

ಫೆಬ್ರವರಿ 6

ಅಂಗಡಿಗೆ ಹೋಗಿದ್ದೆ. ಈ ಡಬ್ಬಿ ಮಾರುವವನು ಮೀನಿನ ತೊಟ್ಟಿಗಳ ನಡುವೆ ಕೂತಿರುತ್ತಾನೆ, ದಪ್ಪ ಕನ್ನಡಕ, ಮೆದು ಮಾತು. ಮೆದು ಮಾತಿನವರ ಮೇಲೆ ನನಗೆ ಮೊದಲಿಂದಲೂ ಒಂದು ಕಣ್ಣು.

"ಇದ್ರಲ್ಲಿ ಪ್ರೊಟೀನ್ ಎಷ್ಟಪ್ಪಾ?"

"ನೂರಕ್ಕೆ ಒಂಬತ್ತು, ಅಣ್ಣಾ."

"ಆ ಕೆಂಪು ಪ್ಯಾಕೆಟ್‌ನಲ್ಲಿ?"

"ಮೂವತ್ತೆಂಟು. ಅದು ನಿಮಗಲ್ಲ. ನೀರಲ್ಲಿರೋ ಆಮೆಗೆ. ಅವು ಮೀನು, ಹುಳ ತಿನ್ನೋವು. ನಿಮ್ದು ನೆಲದ್ದು. ಹುಲ್ಲು, ಸೊಪ್ಪು, ಈ ಡಬ್ಬೀಲಿರೋ ನಾರಿನ ಕಾಳು ಸ್ವಲ್ಪ. ಅಷ್ಟೇ ಸಾಕು."

"ನಂಗೇ ಫೀಡ್ ಪಾಠ ಹೇಳ್ತೀಯಾ?"

"ಪಾಠ ಅಲ್ಲಣ್ಣಾ, ಡಬ್ಬಿ ಮೇಲೇ ಬರ್ದಿದೆ."

ಒಂಬತ್ತಂತೆ. ಮೂವತ್ತೆಂಟಿನದ್ದು ಕೈಗೆಟುಕದ ಮೇಲಿನ ಶೆಲ್ಫಿನಲ್ಲಿ. ಒಳ್ಳೆಯದನ್ನು ಕಾರಲ್ಲಿ ಬರುವವರಿಗೆ ಎತ್ತಿಟ್ಟು, ನಡೆದು ಬರುವವನಿಗೆ ಹುಲ್ಲಿನ ಪುಡಿ. ನನ್ನ ಕಿವಿಗೆ ಹೂ ಇಡಲು ಬಂದಿದ್ದಾನೆ. ಮಾತಾಡದೆ ಹಸಿರು ಡಬ್ಬಿಯನ್ನೇ ಕೊಂಡು ಬಂದೆ. ಸುಮ್ಮನಿದ್ದು ನೋಡುವುದೂ ಒಂದು ವಿದ್ಯೆ.

ಫೆಬ್ರವರಿ 7

ಪರೀಕ್ಷೆ. ಗಾಜಿನ ಲೋಟದಲ್ಲಿ ಹತ್ತು ಕಾಳು ನೆನೆ ಹಾಕಿದೆ. ಅರ್ಧ ಗಂಟೆಗೆ ಉಬ್ಬಿ ಒಡೆದವು. ಬರೀ ನಾರು. ಒಂದನ್ನು ಬಾಯಿಗೂ ಹಾಕಿಕೊಂಡೆ. ಹಳೇ ಚಾಪೆ ಅಗಿದ ಹಾಗಿತ್ತು.

ಮರದ ಪುಡಿ ಬೆರೆಸಿದ್ದಾನೆ. ಸಂಶಯವೇ ಇಲ್ಲ. ಡಬ್ಬಿಯ ಸೀಲ್ ಕೂಡ ಒಂದು ಕಡೆ ಸುಕ್ಕಾಗಿತ್ತು. ಫೀಡಿಗೆ ಏನೇನು ಬೆರೆಸಬಹುದು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಗೆ ಗೊತ್ತು ಎಂಬುದು ಇಲ್ಲಿ ಬೇಡ.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಲೋ, ಆಮೆ ತಿಂಡಿ ನೀನ್ ತಿಂತಿದೀಯೇನೋ?"

"ಟೆಸ್ಟಿಂಗ್ ಕಣೇ."

"ಪಾಸಾದ್ಯಾ?"

ಫೆಬ್ರವರಿ 11

ಎರಡು ಬಸ್ ಬದಲಾಯಿಸಿ, ನನ್ನ ಮುಖ ಪರಿಚಯವಿಲ್ಲದ ಅಂಗಡಿಯಿಂದ ಕೆಂಪು ಪ್ಯಾಕೆಟ್ ತಂದೆ. ಮೂವತ್ತೆಂಟು! ಮೇಲೆ ಈಜುವ ಆಮೆಯ ಚಿತ್ರ. ಇರಲಿ, ಚಿತ್ರವನ್ನು ಯಾರೂ ತಿನ್ನುವುದಿಲ್ಲ. ಫಾರಂನ ಫೀಡ್ ಚೀಲದ ಮೇಲೆ ಹುಂಜದ ಚಿತ್ರವಿತ್ತು. ನಮ್ಮಲ್ಲಿ ಒಂದೂ ಹುಂಜ ಇರಲಿಲ್ಲ.

ತೊಂದರೆ ಒಂದೇ. ಸಣ್ಣಿ ಭಾನುವಾರ ವಿಡಿಯೋದಲ್ಲಿ ಡಬ್ಬಿ ನೋಡುತ್ತಾಳೆ. ಅಕ್ಕನ ಬಾಯಿಯೂ ಸುಮ್ಮನಿರುವುದಲ್ಲ. ಹಸಿರು ಡಬ್ಬಿಯ ಹುಲ್ಲು ಕಾಳನ್ನೆಲ್ಲ ಹಿತ್ತಲಿಗೆ ಸುರಿದೆ. ಕೆಂಪು ಪ್ಯಾಕೆಟ್ಟಿನದನ್ನು ಡಬ್ಬಿಗೆ ತುಂಬಿದೆ. ಖಾಲಿ ಪ್ಯಾಕೆಟ್ ಒಲೆಗೆ. ಐದು ನಿಮಿಷದ ಕೆಲಸ. ಮನೆಯಲ್ಲಿ ಯಾರಿಗೂ ಸುಳಿವಿಲ್ಲ. ಮುಗಿದಾಗ ಹೀಗೇ ಇನ್ನೊಂದು.

ಮೇಷ್ಟ್ರು ಮೂಸಿದರು. ಮುಗಿಬಿದ್ದು ತಿಂದರು. ಆಮೆ ಮುಗಿಬಿದ್ದದ್ದನ್ನು ನೋಡಿದವನು ನಾನೊಬ್ಬನೇ ಇರಬೇಕು.

ಮಾರ್ಚ್ 3

871!

ಮಾರ್ಚ್ 24

948. ಸಣ್ಣಿಗೆ ವಿಡಿಯೋದಲ್ಲಿ ಹೇಳಿದೆ. ಎರಡು ಸಲ ತೂಕ ಹೇಳಿಸಿದಳು.

"ಇಷ್ಟು ಬೇಗ ಯಾಕ್ ಮಾವ? ಅದೇ ಡಬ್ಬಿ ತಾನೇ?"

"ಅದೇ ಹಸಿರು ಡಬ್ಬಿ. ನೋಡು." ತೋರಿಸಿದೆ. ಸುಳ್ಳೇನಲ್ಲ. ಡಬ್ಬಿ ಅದೇ.

"ಹಾಗಾದ್ರೆ ನಿನ್ ಕೈಗುಣ ಬಿಡು," ಅಂದಳು. ಎದೆ ಒಂದಿಂಚು ಉಬ್ಬಿತು. ಆದರೂ ಎರಡೆರಡು ಸಲ ಹೇಳಿಸಿದ್ದು... ಯಾರೋ ಅವಳ ಕಿವಿ ಊದಿದ್ದಾರೆ. ಅಕ್ಕನೇ?

ಮೇ 19

ಬರೆಯದೆ ಎಷ್ಟು ದಿನವಾಯಿತು. ಬರೆಯುವ ಮನಸ್ಸಿರಲಿಲ್ಲ.

1,190 ಗ್ರಾಂ. ಆದರೆ ಚಿಪ್ಪಿನ ಮೇಲೆ ಒಂದೊಂದು ಚೌಕವೂ ಗುಡ್ಡದ ಹಾಗೆ ಎದ್ದಿದೆ. ಮೊದಲು ಕೈ ಆಡಿಸಿದರೆ ನುಣ್ಣಗೆ ಜಾರುತ್ತಿತ್ತು. ಹಿಂಗಾಲು ಎಳೆದು ನಡೆಯುತ್ತದೆ. ಮೂರು ದಿನದಿಂದ ಏನೂ ಮುಟ್ಟಿಲ್ಲ.

ಅಕ್ಕ ಕದ್ದು ಏನೋ ತಿನ್ನಿಸಿರಬೇಕು. ಕೇಳಿದೆ.

"ನಾನಾ? ಆ ಡಬ್ಬಿ ಮುಟ್ಟೋಕೆ ಬಿಟ್ಟಿದೀಯಾ ನೀನು? ತಲೆದಿಂಬಿನ ಹತ್ರ ಇಟ್ಕೊಂಡು ಮಲಗ್ತೀಯ!"

ಅದೂ ನಿಜ.

ಮೇ 20, ಮಧ್ಯಾಹ್ನ

ಪ್ರಾಣಿಗಳ ಡಾಕ್ಟರಮ್ಮನ ಬಳಿ ಹೋಗಿದ್ದೆವು. ಅಕ್ಕನೂ ಬಂದಳು. ಉದ್ದ ಬೆಂಚು, ನಾಯಿಗಳು, ಪಂಜರದಲ್ಲಿ ಒಂದು ಗಿಳಿ. ನನ್ನ ಮಡಿಲಲ್ಲಿ ಮೇಷ್ಟ್ರು, ಅಕ್ಕನ ಮಡಿಲಲ್ಲಿ ಡಬ್ಬಿ.

"ಏನ್ ಕೊಡ್ತಿದೀರಿ ಇದಕ್ಕೆ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ: "ಇದೇ ಡಬ್ಬಿದು ಅಮ್ಮಾ. ಇವ್ನೇ ಅಳೆದು ಹಾಕ್ತಾನೆ."

ಡಾಕ್ಟರಮ್ಮ ಒಂದು ಕಾಳು ಮುರಿದರು. ಮೂಸಿದರು. "ಡಬ್ಬಿ ಮೇಲಿರೋದೇ ಬೇರೆ, ಒಳಗಿರೋದೇ ಬೇರೆ. ಇದು ಮೀನಿನ ಪುಡಿದು. ನೆಲದ ಆಮೆಗೆ ಇಷ್ಟು ಪ್ರೊಟೀನ್ ಕೊಟ್ರೆ ಮೈ ತಡೆಯಲ್ಲ, ಕಿಡ್ನಿ ಸೋಲತ್ತೆ. ಇವತ್ತೇ ನಿಲ್ಸಿ. ದಿನಾ ಬೆಚ್ಚಗಿನ ನೀರಲ್ಲಿ ಕೂರ್ಸಿ. ಉಳ್ಕೊಳುತ್ತೆ ಅನ್ಸತ್ತೆ. ಆದ್ರೆ ಈ ಗುಡ್ಡಗಳು ಇಳಿಯಲ್ಲ, ಸಾಯೋವರ್ಗೂ ಹೀಗೇ. ಡಬ್ಬಿಗೆ ಇದು ಹೇಗ್ ಬಂತು?"

"ಆ ಅಂಗಡಿಯೋನೇ!" ಅಕ್ಕ ಎದ್ದು ನಿಂತಳು. "ಲೋ, ನೀನು ಮೊದಲಿಂದ ಹೇಳ್ತಾನೇ ಇದ್ದೆ, ಅವ್ನು ಮೋಸಗಾರ ಅಂತ! ನಾನೇ ನಂಬಲಿಲ್ಲ."

ಅಕ್ಕ ಜನ್ಮದಲ್ಲಿ ಮೊದಲ ಸಲ ನನ್ನನ್ನು ಹೊಗಳಿದ್ದು. ನಾನು ಮೇಷ್ಟ್ರ ಹಿಂಗಾಲು ಒರೆಸತೊಡಗಿದೆ.

ಮೇ 21

ಅಂಗಡಿಯವನು ಕೆಂಪು ಪ್ಯಾಕೆಟ್ ಬೇಡ ಎಂದು ಅವತ್ತೇ ಹೇಳಬಹುದಿತ್ತು. ಹೇಳಿದ. ಗಟ್ಟಿಯಾಗಿ ಹೇಳಬೇಕಿತ್ತು.

ಜೂನ್ 30

ಮೇಷ್ಟ್ರು ಸೊಪ್ಪು ತಿನ್ನುತ್ತಿದ್ದಾರೆ. 1,140. ತೂಕ ಇಳಿದದ್ದಕ್ಕೆ ಖುಷಿಪಟ್ಟದ್ದು ನನ್ನ ಸರ್ವಿಸ್‌ನಲ್ಲೇ ಮೊದಲು. ನಾಳೆ ಸಣ್ಣಿ ಬರುತ್ತಾಳೆ. ಅಂಗಡಿಯವನ ಕಥೆಯನ್ನೆಲ್ಲ ಅಕ್ಕ ಫೋನಿನಲ್ಲೇ ಹೇಳಿದ್ದಾಳೆ.

ಜುಲೈ 1

ಬಂದವಳೇ ಬ್ಯಾಗ್ ಇಳಿಸದೆ ಮೇಷ್ಟ್ರನ್ನು ಎತ್ತಿಕೊಂಡಳು. ಗುಡ್ಡಗಳ ಮೇಲೆ ಬೆರಳಾಡಿಸಿದಳು, ಒಂದೊಂದಾಗಿ. ಅಳಲಿಲ್ಲ. "ಅಪ್ಪ ನೋಡಿದ್ರೆ..." ಅಂದು ನಿಲ್ಲಿಸಿದಳು. ನಾನು ನೀರು ಕುಡಿಯಲು ಒಳಗೆ ಹೋದೆ. ಎರಡು ಲೋಟ.

ಜುಲೈ 2, ಸಂಜೆ 4

ಸಣ್ಣಿ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದಳು. ಡಬ್ಬಿಯನ್ನು ಅವನ ಮೇಜಿನ ಮೇಲೆ ಬೋರಲು ಹಾಕಿದಳು.

ಅಂಗಡಿಯವನು ಕನ್ನಡಕ ಎತ್ತಿ ನೋಡಿದ. "ಇದು ನಾನ್ ಕೊಟ್ಟಿದ್ದಲ್ಲಮ್ಮಾ. ಕೆಂಪು ಪ್ಯಾಕೆಟ್‌ದು. ಅಣ್ಣ ಕೇಳಿದ್ರು, ನಾನೇ ಬೇಡ ಅಂದೆ. ಅಲ್ವಾ ಅಣ್ಣಾ?"

ಅಲ್ವಾ ಅಣ್ಣಾ. ಅದೇ ಮೆದು ಮಾತು. ನಾನು ತೊಟ್ಟಿಯ ಮೀನು ಎಣಿಸುತ್ತ ನಿಂತೆ. ಹನ್ನೊಂದು.

"ನಮ್ ಮಾವನ ಮೇಲೆ ಹಾಕ್ತೀರಾ?" ಸಣ್ಣಿ ಸಿಡಿದಳು. "ಇಪ್ಪತ್ತೆರಡು ವರ್ಷ ಫೀಡ್ ನೋಡಿರೋರು ಅವ್ರು! ಸೀಲ್ ಸುಕ್ಕಾಗಿತ್ತು ಅಂತ ಅವತ್ತೇ ಗುರುತು ಹಿಡಿದಿದ್ರಂತೆ. ಬಾಗಿಲು ಹಾಕಿಸ್ತೀನಿ ನಿಮ್ ಅಂಗಡೀದು."

ಸೀಲಿನ ವಿಷಯ ಅಕ್ಕನಿಗೆ ನಾನೇ ಹೇಳಿದ್ದು.

ಒಳಗಿನಿಂದ ಅವನ ಹೆಂಡತಿ ಬಂದು ನಿಂತಳು. ಅವನು ಮೇಜಿನ ಮೇಲೆ ಬಾಗಿದ. ಚೆಲ್ಲಿದ ಕಾಳನ್ನು ಒಂದೊಂದೇ ಆರಿಸಿ ಡಬ್ಬಿಗೆ ಹಾಕಿ, ಮುಚ್ಚಳ ತಿರುಗಿಸಿ, ನನ್ನ ಕೈಗೆ ಕೊಟ್ಟ. ಸಣ್ಣಿಯ ಕೈಗಲ್ಲ. ನನ್ನ ಕೈಗೆ.

ಜುಲೈ 2, ಸಂಜೆ 6

ಪಕ್ಕದ ಕೋಣೆಯಲ್ಲಿ ಸಣ್ಣಿ ದೂರು ಬರೆಯುತ್ತಿದ್ದಾಳೆ. ಗ್ರಾಹಕರ ಕಚೇರಿಗೆ. ನಾಳೆ ಕೊಡುವುದಂತೆ. ಬರೆದದ್ದನ್ನು ಗಟ್ಟಿಯಾಗಿ ಓದುತ್ತಾಳೆ, ನನಗೆ ಕೇಳಲೆಂದು. "ಸದರಿ ಅಂಗಡಿಯವರು ಉದ್ದೇಶಪೂರ್ವಕವಾಗಿ..." ಅಕ್ಷರ ಚೆಂದ, ಭಾಷೆ ಗಟ್ಟಿ. ಕೊನೆಯಲ್ಲಿ ಸಾಕ್ಷಿ ಎಂದು ನನ್ನ ಸಹಿ ಬೇಕಂತೆ.

ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಯಾರ ಕಣ್ಣಿಗೆ ಬೇಕಾದರೂ ಮಣ್ಣೆರಚಬಲ್ಲೆ, ಆ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಅವಳು ನನ್ನ ಕಡೆ ನೋಡುವುದೇ ಇಲ್ಲವಲ್ಲ. ಎಲ್ಲರ ಮೇಲೂ ಅನುಮಾನ ಅವಳಿಗೆ, ಅಂಗಡಿಯವನು, ಕಂಪನಿ, ಲಾರಿಯವನು. ನನ್ನೊಬ್ಬನನ್ನು ಬಿಟ್ಟು. ಹೀಗೆ ಅನುಮಾನಪಡುವುದನ್ನು ಕಲಿಸಿದವನೂ ನಾನೇ.

ಹೇಗೆ ಹೇಳುವುದು?

"ಸಣ್ಣಿ, ಫೀಡ್ ವಿಷಯ ನಿಂಗೆ ಗೊತ್ತಾಗಲ್ಲ, ಕೋಳಿಗೆ ಮೂವತ್ತೆಂಟು ಅಂದ್ರೆ..." ಛೇ. ಕೋಳಿ ಬೇಡ.

"ಸಣ್ಣಿ, ಒಳ್ಳೇದಾಗ್ಲಿ ಅಂತಾನೇ..." ಅದೂ ಬೇಡ. ಅದು ನನಗಾಗಿ ಹೇಳುವ ಮಾತು.

"ಮಾವ, ಬಾ, ಸಹಿ!"

"ಬಂದೆ."

ಕುರ್ಚಿ ಸರಿದ ಸದ್ದು. ಅವಳೇ ಬರುತ್ತಿದ್ದಾಳೆ. ಇಷ್ಟೇ ಹೇಳುವುದು. ಬರೆದಿಟ್ಟುಕೊಂಡರೆ ನಾಲಿಗೆ ತಪ್ಪುವುದಿಲ್ಲ —

ಸಣ್ಣಿ, ಅಂಗಡಿಯವನ ಹೆಸರು ಹೊಡೆದು ಹಾಕು. ಆ ಜಾಗದಲ್ಲಿ