ಎರಡನೇ ಗುಂಡಿ

ನನ್ನ ಡ್ರೈವರಮ್ಮನಿಗೆ,

ನಿನ್ನಕ್ಕನ ಮನೆಗೆ ಕಾಗದ ಬರೆಯಬೇಡ ಎಂದು ನೀನು ಹೇಳಿದ್ದು ನೆನಪಿದೆ. ಇದು ನನ್ನ ವಿಷಯವಲ್ಲ, ಕಾರಿನ ವಿಷಯ.

ಬ್ಯಾಟರಿ ಕೈಕೊಟ್ಟಿತು. ತೊಂಬತ್ತರ ದಶಕದ ಗಾಡಿ, ಯಾವುದೋ ಸಾಹೇಬರು ಹಿಂದೆ ಕೂತು ಮೆರೆದದ್ದು. ನಾಲ್ಕೂ ಚಕ್ರ ಎಳೆಯುತ್ತವೆಂದು ನೀನು ಅದನ್ನು ಕೆಸರಿನ ಏರಿನಲ್ಲಿ ಮೇಕೆಯಂತೆ ಹತ್ತಿಸುತ್ತಿದ್ದೆ. ಮೆಕ್ಯಾನಿಕ್ ಹೊಸ ಬ್ಯಾಟರಿ ಹಾಕಿ, "ಅಣ್ಣಾ, ಸೀಟಿನ ಗುಂಡಿಗಳು ಎಲ್ಲಾ ಮರೆತುಬಿಟ್ಟಿವೆ. ಅವರವರೇ ಕೂತು ಮತ್ತೆ ಹೊಂದಿಸ್ಕೋಬೇಕು" ಎಂದ.

ಒತ್ತಿದರೆ ಸೀಟೂ ಕನ್ನಡಿಗಳೂ ಅವರವರ ಅಳತೆಗೆ ಸರಿಯುವ ಆ ಗುಂಡಿಗಳಲ್ಲಿ ಒಂದನೆಯದು ನನ್ನದು, ಹೊಂದಿಸಿದೆ. ಎರಡನೆಯದು ನಿನ್ನದು. ನೀನು ಮನೆ ಬಿಟ್ಟು ಹೋದ ಮೇಲೂ ನಾನು ದಿನಾ ಮೊದಲು ಅದನ್ನೇ ಒತ್ತುತ್ತಿದ್ದೆ. ಸೀಟು ಮುಂದಕ್ಕೆ ಸರಿದು ನನ್ನ ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತಿತ್ತು, ಕನ್ನಡಿಗಳು ತಾವಾಗಿಯೇ ಕೆಳಗೆ ಬಾಗುತ್ತಿದ್ದವು. ಪಕ್ಕದ ಮನೆಯ ಅಜ್ಜಿ, "ಏನಪ್ಪಾ, ಕಾರೊಳಗೆ ಸಿಕ್ಕಿಹಾಕ್ಕೊಂಡ್ಯಾ?" ಎಂದು ನಗುತ್ತಿದ್ದರು.

ಸೀಟನ್ನು ಅಂದಾಜಿನ ಮೇಲೆ ಹೊಂದಿಸಿದ್ದೇನೆ. ಕನ್ನಡಿ ಮಾತ್ರ ಆಗುತ್ತಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರೂ ನಿನಗೆ ಅದರಲ್ಲಿ ಏನು ಕಾಣುತ್ತಿತ್ತೆಂದು ನನಗೆ ಗೊತ್ತಿಲ್ಲ.

ಭಾನುವಾರ ಒಂದು ಗಳಿಗೆ ಬಂದು ಹೋಗು. ಮನೆಯೊಳಗೆ ಬರಬೇಕೆಂದಿಲ್ಲ, ಕಾರನ್ನು ಗೇಟಿನ ಹೊರಗೇ ನಿಲ್ಲಿಸಿರುತ್ತೇನೆ. ಕನ್ನಡಿ ಸರಿಯಾಯಿತೇ ಎಂದು ತಿಳಿಯಲು ಆ ಏರಿನ ತುದಿಯವರೆಗೆ ಒಮ್ಮೆ ಓಡಿಸಿ ನೋಡಬೇಕು, ಪಕ್ಕದಲ್ಲಿ ಒಬ್ಬರು ಕೂತಿರಬೇಕು.

ಹಾಗೆಂದು ಮೆಕ್ಯಾನಿಕ್ ಹೇಳಿಲ್ಲ. ನಾನೇ ಹೇಳುತ್ತಿದ್ದೇನೆ.

ಇಂತಿ,
ಪಕ್ಕದ ಸೀಟಿನವನು