ಬ್ಲೂಟೂತ್‌ನಲ್ಲಿ ಕೇಳಿಸಿದ ಉಸಿರು

ಮಂಗಳವಾರ, ೧೪

ಅಕ್ಕ ಏನೇ ಅನ್ನಲಿ, ಹಾಡಿನ ಮಾಮೂಲಿ ಫೈಲಿಗೂ ದನಿಯಲ್ಲಿ ಏನನ್ನೂ ಕಳೆಯದ ಲಾಸ್‌ಲೆಸ್ ಫೈಲಿಗೂ ನನಗೆ ವ್ಯತ್ಯಾಸ ಕೇಳಿಸಿದ್ದಂತೂ ನಿಜ. ಲಾಸ್‌ಲೆಸ್‌ನಲ್ಲಿ ಗಾಯಕಿ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ ಎಂದು ಹಾಡು ಕೇಳುವವರ ವಾಟ್ಸಾಪ್ ಗ್ರೂಪಿನಲ್ಲಿ ಉದ್ದುದ್ದ ಬರೆದಿದ್ದೆ. ನನ್ನನ್ನು ನಂಬಿ ಮೂವರು ಲಾಸ್‌ಲೆಸ್‌ಗೇ ಬದಲಾಯಿಸಿಕೊಂಡರು.

ಇವತ್ತು ಅಕ್ಕ ನನ್ನ ಹೆಡ್‌ಫೋನ್ ಕಿತ್ತುಕೊಂಡು ನೋಡಿದಳು. “ಲೋ ಪಂಡಿತ, ಇದು ಬ್ಲೂಟೂತ್ ಕಣೋ. ಹಾಡು ಇಲ್ಲಿಗೆ ಬರೋಷ್ಟರಲ್ಲಿ ಮತ್ತೆ ಹಿಂಡಿ ಸಣ್ಣ ಮಾಡಿರುತ್ತೆ. ನೀನು ಒಂದಿನಾನೂ ಲಾಸ್‌ಲೆಸ್ ಕೇಳೇ ಇಲ್ಲ.”

ನಾಳೆ ವೈರ್ ಹಾಕಿ, ಕಣ್ಣು ಕಟ್ಟಿ, ಗ್ರೂಪಿನವರ ಎದುರೇ ನನಗೆ ಪರೀಕ್ಷೆಯಂತೆ. ಸೋತರೆ ನಗುತ್ತಾರೆ, ಅದು ಹೋಗಲಿ. ಈಗಷ್ಟೇ ಅದೇ ಹೆಡ್‌ಫೋನಿನಲ್ಲಿ ಎರಡು ಫೈಲನ್ನೂ ಹಾಕಿ ಕೇಳಿದೆ. ಇದರಲ್ಲಿ ಎರಡೂ ಒಂದೇ ಎಂದು ಗೊತ್ತಿದ್ದೂ ಲಾಸ್‌ಲೆಸ್‌ನಲ್ಲಿ ಮಾತ್ರ ಆ ಉಸಿರು ಕೇಳಿಸಿತು. ಈ ಕಿವಿ ಇನ್ನೇನೇನು ತಾನೇ ಹುಟ್ಟಿಸಿಕೊಂಡಿದೆಯೋ.

ಅಕ್ಕ, ಇದನ್ನು ಕದ್ದು ಓದುತ್ತಿದ್ದರೆ ಹೇಳು, ನಿನ್ನ ಕಿವಿ ಯಾವತ್ತೂ ಹೀಗೆ ಮಾಡಿಲ್ಲ ಅಂತ ಆಣೆ ಮಾಡ್ತೀಯಾ?